ವಂಶವೃಕ್ಷದಲ್ಲಿ ಇಲ್ಲದ ದೊಡ್ಡಜ್ಜಿ

(ಮಹಿಳಾ ಸ್ವಸಹಾಯ ಸಂಘಗಳ ತಾಲ್ಲೂಕು ಮಟ್ಟದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವರದಕ್ಷಿಣೆ, ಮನೆಯೊಳಗಿನ ದೌರ್ಜನ್ಯ ಎಂದಾಗ ನಾವು ಹೆಚ್ಚಾಗಿ ಇವತ್ತು ನಿನ್ನೆಯ ಮಾತನ್ನೇ ಆಡುತ್ತೇವೆ. ಮೊನ್ನೆ ಠಾಣೆಗೆ ಹೋಗಿ ಬಂದ ಹುಡುಗಿ, ಹೋದ ತಿಂಗಳು ತವರಿಗೆ ಅಟ್ಟಿಸಿಕೊಂಡವಳು, ಇಂಥವರ ಕಷ್ಟ ಕಣ್ಣೆದುರಿಗೆ ಇರುವಾಗ ಹಳೆಯದನ್ನು ಕೆದಕಲು ಯಾರಿಗೆ ಪುರುಸೊತ್ತು? ಆದರೂ ಈ ದಿನ ಸುಮಾರು ತೊಂಬತ್ತು ವರ್ಷದ ಹಿಂದಿನ ಒಂದು ವಿಷಯ ಹೇಳಬೇಕು ಎಂದುಕೊಂಡು ಬಂದಿದ್ದೇನೆ. ಅದು ನಮ್ಮ ಮನೆಯದೇ. ನಮ್ಮ ತಾತನಿಗೆ ನಮ್ಮಜ್ಜಿಯನ್ನು ತಂದುಕೊಳ್ಳುವ ಮೊದಲು ಇನ್ನೊಂದು ಮದುವೆಯಾಗಿತ್ತು. ಅದು ನನಗೆ ಗೊತ್ತಾದದ್ದು ನನಗೆ ಐವತ್ತು ದಾಟಿದ ಮೇಲೆ, 2016ರಲ್ಲಿ.

ಮೊದಲೇ ಒಂದು ಮಾತು. ಆ ಹೆಂಗಸಿನ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಸಭೆಯಲ್ಲಿ ಹೇಳಬೇಡಿ ಎಂದು ಅವರ ತವರಿನವರು ಕೇಳಿಕೊಂಡಿದ್ದಾರೆ. ಹೆಸರು ಅಳಿಸಿದ ಕತೆ ಹೇಳಲು ಬಂದವಳೇ ಹೆಸರು ನುಂಗುತ್ತಿದ್ದಾಳಲ್ಲ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿದೆ. ಆದರೆ ಐವತ್ತು ವರ್ಷ ಅವರನ್ನು ಇಟ್ಟುಕೊಂಡ ಮನೆಯವರ ಮಾತಿಗೆ ಬೆಲೆ ಕೊಡಲೇಬೇಕು. ನಾನು ಅವರನ್ನು ದೊಡ್ಡಜ್ಜಿ ಎನ್ನುತ್ತೇನೆ. ಬದುಕಿದ್ದಾಗ ಹಾಗೆ ಕರೆಯುವ ಅವಕಾಶ ನನಗೆ ಸಿಗಲಿಲ್ಲ.

ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ, ರಾಗಿ ಬೆಳೆದು ತಿಂದ ಮನೆತನ. ತಾತ ಮೇಷ್ಟ್ರಾಗಿದ್ದರು. ಅವರು ತೀರಿಕೊಂಡದ್ದು 1978ರಲ್ಲಿ. ನಮ್ಮ ಹೊಲದ ಪಕ್ಕದ ರಸ್ತೆ ಅಗಲವಾಗುತ್ತದೆ ಎಂದಾಗ ಗುಂಟೆಗೆ ಇಷ್ಟು ಲಕ್ಷ ಎಂಬ ಮಾತು ಶುರುವಾಯಿತು. ಆಗ ನನ್ನ ಸೋದರತ್ತೆ, ಅಂದರೆ ತಾತನ ಮಗಳು, ನನಗೂ ಒಂದು ಪಾಲು ಬರಬೇಕು ಎಂದರು. ಎಪ್ಪತ್ತರ ಹೆಂಗಸು, ಅಷ್ಟು ವರ್ಷ ಒಂದು ಸೀರೆಯನ್ನೂ ಕೇಳಿದವರಲ್ಲ. ಚಿಕ್ಕಪ್ಪನ ಮಕ್ಕಳು, ವಂಶವೃಕ್ಷದಲ್ಲಿ ನಿನ್ನ ಹೆಸರೇ ಇಲ್ಲವಲ್ಲ ಅತ್ತೆ, ಎಂದುಬಿಟ್ಟರು.

ಸಂಘದ ಕೆಲಸದಲ್ಲಿ ಓಡಾಡಿದವಳು ಎಂದು ಅತ್ತೆ ನನ್ನನ್ನು ಜೊತೆಗೆ ಕರೆದುಕೊಂಡರು. ಇಬ್ಬರೂ ತಾಲ್ಲೂಕು ಕಚೇರಿಗೆ ಹೋಗಿ, ರೆಕಾರ್ಡ್ ರೂಮಿನಿಂದ ಹಳೆಯ ಕಡತದ ನಕಲಿಗೆ ಅರ್ಜಿ ಹಾಕಿದೆವು. ಮೂರು ಸಲ ನಾಳೆ ಬನ್ನಿ ಎಂದರು, ನಾಲ್ಕನೆಯ ಸಲ ಕೊಟ್ಟರು. 1979ರಲ್ಲಿ ಖಾತೆ ಬದಲಾಯಿಸುವಾಗ ಬರೆಸಿದ ವಂಶವೃಕ್ಷ ಅದು. ಮೇಲೆ ತಾತನ ಹೆಸರು, ಪಕ್ಕದಲ್ಲಿ ಮೃತ ಎಂದು. ಕೆಳಗೆ ಹೆಂಡತಿ, ನಮ್ಮಜ್ಜಿ. ಅದರ ಕೆಳಗೆ ಇಬ್ಬರು ಗಂಡುಮಕ್ಕಳು. ಹೆಣ್ಣುಮಕ್ಕಳು ಇಬ್ಬರಿದ್ದರು, ಇಬ್ಬರೂ ಕಾಗದದಲ್ಲಿ ಹುಟ್ಟಿಯೇ ಇಲ್ಲ. ನನ್ನ ತಂದೆಯ ಸಹಿ ಕೆಳಗಿತ್ತು.

ಕಚೇರಿಯ ಹೊರಗೆ ಹೊಂಗೆ ಮರದ ಕೆಳಗೆ ಕೂತು ಅದನ್ನು ಅತ್ತೆಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಬಿಟ್ಟಿರೋದು ಹಾಗಿರಲಿ ಕಣಮ್ಮ. ಬದುಕಿದ್ದ ಹೆಂಡ್ತೀನೇ ಬಿಟ್ಟವ್ರಲ್ಲ" ಎಂದರು.

ಯಾವ ಹೆಂಡತಿ ಎಂದು ಕೇಳಿದೆ. "ನಿಮ್ಮ ತಾತನ ಮೊದಲನೇ ಹೆಂಡ್ತಿ. ನಮ್ಮವ್ವನಿಗಿಂತ ಮುಂಚೆ ತಂದಿದ್ದವಳು. ಅಪ್ಪ ಸತ್ತಾಗ ಅವಳಿನ್ನೂ ಇದ್ಲು." ಅತ್ತೆಗೆ ಗೊತ್ತಿದ್ದದ್ದು ಇಷ್ಟೇ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಕೇಳಿದ್ದಕ್ಕೆ ಬೆನ್ನಿಗೆ ಗುದ್ದು ಬಿದ್ದಿತ್ತಂತೆ.

ಅಲ್ಲಿಂದ ಶುರುವಾಯಿತು ನನ್ನ ಹುಡುಕಾಟ. ಮನೆತನದ ಚರಿತ್ರೆ ಹುಡುಕುವುದು ಓದಿದವರ ಕೆಲಸ, ಪೇಟೆಯವರ ಕೆಲಸ ಎಂದು ತಿಳಿಯಬೇಡಿ. ಯಾರ ಮನೆಯ ಸೊಸೆ ಎಲ್ಲಿಯವಳು, ಯಾರಿಗೆ ಯಾರು ವರಸೆ ಎಂಬುದನ್ನು ಹೆಂಗಸರಷ್ಟು ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಆದರೆ ಕೇಳುವ ರೀತಿ ಇದೆ. ನಾನು ಮೊದಲು ಅಮ್ಮನನ್ನು ನೇರವಾಗಿ ಕೇಳಿದೆ, ತಾತನಿಗೆ ಇನ್ನೊಬ್ಬ ಹೆಂಡತಿ ಇದ್ದರಂತಲ್ಲ ಎಂದು. ಅಮ್ಮ ಎದ್ದು ಹಸುವಿಗೆ ಹುಲ್ಲು ಹಾಕಲು ಹೋದರು. ಆಮೇಲೆ ಮನುಷ್ಯರ ವಿಷಯ ಬಿಟ್ಟು ಸಾಮಾನಿನ ವಿಷಯ ಕೇಳಲು ಶುರು ಮಾಡಿದೆ. ಈ ಒರಳು ಯಾರ ಕಾಲದ್ದು? ಈ ಪೆಟ್ಟಿಗೆ ಯಾರು ತಂದದ್ದು? ಸಾಮಾನಿನ ಬಗ್ಗೆ ಕೇಳಿದರೆ ಯಾರೂ ಸಿಟ್ಟಾಗುವುದಿಲ್ಲ, ಹೇಳುತ್ತಾ ಹೇಳುತ್ತಾ ಮನುಷ್ಯರ ಹತ್ತಿರ ಬಂದುಬಿಡುತ್ತಾರೆ.

ನಮ್ಮ ಬಚ್ಚಲು ಮನೆಯ ಒಲೆಯ ಮೇಲೆ ಒಂದು ತಾಮ್ರದ ಹಂಡೆ ಇತ್ತು. ನಾವೆಲ್ಲ ಅದರ ನೀರಿನಲ್ಲೇ ಮಿಂದು ಬೆಳೆದವರು. ದೀಪಾವಳಿಗೆ ನೀರು ತುಂಬುವ ಹಬ್ಬದ ದಿನ ಹುಣಸೆಹಣ್ಣು ಹಾಕಿ ಉಜ್ಜಿ, ಸುಣ್ಣ ಕೆಮ್ಮಣ್ಣು ಬಳಿದು, ಮಾಲಿಂಗನ ಬಳ್ಳಿ ಸುತ್ತಿ ಪೂಜೆ ಮಾಡುತ್ತಿದ್ದೆವು. ಅದರ ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರ ಇದ್ದವು. ಮಾರಿದ ಅಂಗಡಿಯವನ ಹೆಸರು ಎಂದು ಮನೆಯಲ್ಲಿ ಹೇಳುತ್ತಿದ್ದರು. ಈ ಸಲ ಬೂದಿ ಹಚ್ಚಿ ಒರೆಸಿ, ಬಿಸಿಲಿಗೆ ಹಿಡಿದು ನೋಡಿದೆ. ಅಂಗಡಿಯವನದಲ್ಲ. ಒಂದು ಹೆಣ್ಣಿನ ಹೆಸರು, ಅದರ ಮುಂದೆ ಊರಿನ ಮೊದಲ ಅಕ್ಷರ. ನಮ್ಮ ಮನೆಯಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ. ನಿಮ್ಮ ಮನೆಯ ಹಳೇ ಪಾತ್ರೆಗಳ ಕಂಠ, ಬುಡ ಒಮ್ಮೆ ನೋಡಿ. ಹೆಣ್ಣುಮಕ್ಕಳ ಹೆಸರು ಪಹಣಿಯಲ್ಲಿ ಇಲ್ಲದಿದ್ದರೂ ಪಾತ್ರೆಯ ಮೇಲೆ ಇರುತ್ತದೆ. ಬಳುವಳಿ ಕೊಟ್ಟ ಅಪ್ಪ, ಮಗಳ ಹೆಸರು ಹೊಡೆಸಿಯೇ ಕಳಿಸುತ್ತಿದ್ದ.

"ಈ ಹಂಡೆ ಯಾರ ಕಡೆಯದಮ್ಮ?" ಎಂದು ಕೇಳಿದೆ. ಅಮ್ಮ ಈ ಸಲ ಎದ್ದು ಹೋಗಲಿಲ್ಲ. "ಅದು ನಿಮ್ಮ ದೊಡ್ಡಜ್ಜೀದು" ಎಂದರು.

ಅಮ್ಮ ಆ ಮನೆಗೆ ಸೊಸೆಯಾಗಿ ಬಂದದ್ದು 1960ರಲ್ಲಿ. ನಮ್ಮಜ್ಜಿಯೇ ಅವರಿಗೆ ಹೇಳಿದ್ದರಂತೆ, ಬಾಯಿ ಬಿಡಬೇಡ ಎಂದು ಆಣೆ ಹಾಕಿಸಿಕೊಂಡು. ಊರಿನ ಹೆಸರೂ ಅಮ್ಮನಿಗೆ ಗೊತ್ತಿತ್ತು, ನಮ್ಮೂರಿಂದ ಎಂಟೇ ಮೈಲಿ.

ಆ ಊರಿಗೆ ಹೋಗುವ ಮೊದಲು ನಾನು ಹೆಳವರನ್ನು ಹುಡುಕಿದೆ. ಎತ್ತಿನ ಮೇಲೆ ಬಂದು ಮನೆಮನೆಯ ವಂಶಾವಳಿ ಹೇಳಿ, ಕಾಳು ಕಡಿ ಇಸಿದುಕೊಂಡು ಹೋಗುತ್ತಿದ್ದರಲ್ಲ, ಅವರು. ತಲೆಮಾರುಗಳ ಲೆಕ್ಕವನ್ನು ಪುಸ್ತಕದಲ್ಲೂ ಬಾಯಲ್ಲೂ ಇಟ್ಟುಕೊಂಡವರು. ನಮ್ಮ ಮನೆಗೆ ಅವರು ಬರುವುದು ನಿಂತು ಬಹಳ ವರ್ಷವಾಗಿತ್ತು. ಇಂಥ ಭಿಕ್ಷೆಯವರೆಲ್ಲ ಬೇಡ ಎಂದು ತಾತನೇ ನಿಲ್ಲಿಸಿದ್ದರಂತೆ. ಓದಿದ ಮೇಷ್ಟ್ರು, ಮೂಢನಂಬಿಕೆ ವಿರೋಧಿ ಎಂದು ನಾವು ಹೆಮ್ಮೆಪಟ್ಟುಕೊಂಡಿದ್ದೆವು. ಪಕ್ಕದ ಹೋಬಳಿಯಲ್ಲಿ ಸಿಕ್ಕ ಮುದುಕರೊಬ್ಬರು ನಮ್ಮ ಬೆಡಗು, ಊರು ಕೇಳಿಕೊಂಡು ಪುಸ್ತಕ ಬಿಚ್ಚಿದರು. ಮುತ್ತಾತ, ಅವನ ಮಕ್ಕಳು, ತಾತನ ಹೆಸರು. ತಾತನ ಹೆಸರಿಗೆ ಇಬ್ಬರು ಹೆಂಡಿರು. ಮೊದಲನೆಯ ಹೆಸರು ಹಂಡೆಯ ಮೇಲಿದ್ದದ್ದೇ. ತಾತ ಅವರನ್ನು ಏಕೆ ಬಾಗಿಲಿಂದಾಚೆ ನಿಲ್ಲಿಸಿದರೋ, ನಾನು ಹೇಳಲಾರೆ. ನೀವು ಊಹಿಸಬಲ್ಲಿರಿ.

ಈಗ ಆ ಕಾಲದ ಮದುವೆಯ ವ್ಯವಹಾರ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ದೊಡ್ಡಜ್ಜಿಗೆ ಆದದ್ದೇನು ಎಂದು ಅರ್ಥವಾಗುವುದಿಲ್ಲ. ಇಲ್ಲಿ ಕೂತಿರುವ ಹಿರಿಯರಿಗೆ ತೆರ ಎಂಬ ಮಾತು ನೆನಪಿರಬಹುದು. ಹಳೇ ಮೈಸೂರಿನಲ್ಲಿ ಒಕ್ಕಲು ಮಾಡುವ ಬಹಳಷ್ಟು ಜಾತಿಗಳಲ್ಲಿ ಗಂಡಿನವರೇ ಹೆಣ್ಣಿನ ಮನೆಗೆ ತೆರ ಕೊಡುತ್ತಿದ್ದರು. ಹೆಣ್ಣೆಂದರೆ ದುಡಿಯುವ ಎರಡು ಕೈ, ಆ ಕೈ ಕಳೆದುಕೊಳ್ಳುವ ಮನೆಗೆ ಇಷ್ಟು ಹಣ ಎಂಬ ಲೆಕ್ಕ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಮೈಸೂರಿನ ಮದುವೆ, ಕುಟುಂಬಗಳ ಬಗ್ಗೆ 1942ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ತೆರದ ವಿಚಾರವಿದೆ. ಅದೇ ಶ್ರೀನಿವಾಸರು 1984ರಲ್ಲಿ ವರದಕ್ಷಿಣೆಯ ಬಗ್ಗೆ ಬರೆಯುತ್ತಾ, ಇದು ಹಿಂದಿನ ಸ್ತ್ರೀಧನವೂ ಅಲ್ಲ, ಕನ್ಯಾದಾನದ ದಕ್ಷಿಣೆಯೂ ಅಲ್ಲ, ಇಂಗ್ಲಿಷ್ ಆಳ್ವಿಕೆಯಲ್ಲಿ ಓದು, ಸಂಬಳದ ನೌಕರಿ ಬಂದ ಮೇಲೆ ಬೆಳೆದ ಹೊಸ ವ್ಯವಹಾರ ಎಂದು ವಾದಿಸಿದರು. ತೆರವೂ ಒಳ್ಳೆಯದೇನಲ್ಲ, ಅದೂ ಹೆಣ್ಣಿಗೆ ಬೆಲೆ ಕಟ್ಟುವುದೇ. ಆದರೆ ವರದಕ್ಷಿಣೆ ಅನಾದಿ ಕಾಲದಿಂದ ಬಂದ ಪದ್ಧತಿ, ಬಿಡಲಾಗುವುದಿಲ್ಲ ಎನ್ನುವವರಿಗೆ ನಮ್ಮ ಮನೆಯ ಈ ಲೆಕ್ಕ ತೋರಿಸಬಹುದು. ಒಬ್ಬನೇ ಗಂಡಸು ಒಂದು ಮದುವೆಗೆ ತೆರ ಕೊಟ್ಟ, ಏಳು ವರ್ಷದ ಮೇಲೆ ಇನ್ನೊಂದು ಮದುವೆಗೆ ವರದಕ್ಷಿಣೆ ತೆಗೆದುಕೊಂಡ. ನಡುವೆ ಬದಲಾದದ್ದು ಒಂದೇ, ಅವನು ಪರೀಕ್ಷೆ ಪಾಸಾಗಿದ್ದ.

ದೊಡ್ಡಜ್ಜಿಯ ಮದುವೆಯಾದದ್ದು 1929ರಲ್ಲಿ, ಹದಿಮೂರರ ಹುಡುಗಿ. ತೆರ 25 ರೂಪಾಯಿ. ತಾತನಿಗೆ ಆಗ ಹದಿನೇಳು, ಹೊಲ ಉಳುತ್ತಾ ಓದುತ್ತಿದ್ದ ಹುಡುಗ. 1934ರಲ್ಲಿ, ಗಾಂಧೀಜಿ ಮೈಸೂರು ಸೀಮೆಗೆ ಬಂದು ಹೋದ ವರ್ಷ ಎಂದು ಅಮ್ಮ ಗುರುತು ಹೇಳುತ್ತಾರೆ, ಲೋಯರ್ ಸೆಕೆಂಡರಿ ಪಾಸಾಗಿ ಮೇಷ್ಟ್ರ ಕೆಲಸ ಸಿಕ್ಕಿತು. ಪಾಸಾಗುವ ತನಕ ದೀಪದ ಎಣ್ಣೆಗೆ, ಪುಸ್ತಕಕ್ಕೆ ದೊಡ್ಡಜ್ಜಿ ಕೂಲಿ ಹೋಗಿ ತಂದದ್ದೂ ಸೇರಿತ್ತಂತೆ. ಪಾಸಾದ ಮೇಲೆ ಸಂಬಳದ ಗಂಡಿಗೆ ಹೆಬ್ಬೆಟ್ಟಿನ ಹೆಂಡತಿ ಸಾಲದಾದಳು. 1936ರಲ್ಲಿ ಪೇಟೆ ಹತ್ತಿರದ ಅನುಕೂಲಸ್ಥರ ಮನೆಯಿಂದ ನಮ್ಮಜ್ಜಿ ಬಂದರು. ಮುನ್ನೂರು ರೂಪಾಯಿ, ಒಂದು ಸೈಕಲ್ಲು. ಆ ಮುನ್ನೂರರಲ್ಲಿ ಕೊಂಡ ಹೊಲವೇ ಈಗ ರಸ್ತೆ ಪಕ್ಕ ಲಕ್ಷಗಳಿಗೆ ಬೆಲೆ ಬಂದಿರುವುದು.

ಎರಡನೆಯ ಮದುವೆ ಆಗ ಅಪರಾಧವಾಗಿರಲಿಲ್ಲವೇ ಎಂದು ನೀವು ಕೇಳಬಹುದು. ಆಗಿರಲಿಲ್ಲ. ಮುಂಬಯಿ ಪ್ರಾಂತ್ಯದಲ್ಲಿ 1946ರಲ್ಲಿ, ಮದರಾಸಿನಲ್ಲಿ 1949ರಲ್ಲಿ ಹಿಂದೂ ಗಂಡಸರ ಎರಡನೆಯ ಮದುವೆಗೆ ತಡೆ ಬಂತು. ಮೈಸೂರಿನವರಿಗೆ 1955ರ ಮೇ 18ರಂದು ಹಿಂದೂ ವಿವಾಹ ಕಾಯಿದೆ ಜಾರಿಯಾಗುವ ತನಕ ಅಂಥ ಕಾಯಿದೆ ಇರಲಿಲ್ಲ. ಹಾಗಾದರೆ ತಾತ ಮುಚ್ಚಿಟ್ಟದ್ದು ಏಕೆ? ನಾನು ಇದನ್ನು ಬಹಳ ಯೋಚಿಸಿದ್ದೇನೆ. ಆ ಮದುವೆ ನಡೆದಾಗ ಗುಟ್ಟಾಗಿರಲಿಲ್ಲ, ಚಪ್ಪರ ಹಾಕಿ, ಊರಿಗೆಲ್ಲ ಉಣ್ಣಿಸಿ ಆದದ್ದು. ತಾತ ಕೆಲಸದ ಮೇಲೆ ಊರೂರು ವರ್ಗವಾಗಿ ಹೋದಾಗ ಹೇಳದೆ ಉಳಿಯಿತು. ಸೇವಾ ಪುಸ್ತಕದಲ್ಲಿ ಒಬ್ಬಳೇ ಹೆಂಡತಿ ಎಂದು ಬರೆಸಿದಾಗ ಕಾಗದಕ್ಕೆ ಬಂತು. 1979ರಲ್ಲಿ ಆ ವಂಶವೃಕ್ಷದಲ್ಲಿ ನಿಜವಾಗಿ ಗುಟ್ಟಾಯಿತು, ಏಕೆಂದರೆ ಆಗ ಜಮೀನಿನ ಪ್ರಶ್ನೆ ಇತ್ತು.

ದೊಡ್ಡಜ್ಜಿಯ ಊರಿಗೆ ನಾನು ಹೋದದ್ದು 2017ರ ಬೇಸಿಗೆಯಲ್ಲಿ. ಅವರ ತಮ್ಮನ ಸೊಸೆ ಸಿಕ್ಕರು, ಅರವತ್ತೈದರ ಆಸುಪಾಸಿನವರು. ನಾನು ಯಾರೆಂದು ಹೇಳಿದಾಗ ಒಳಗೆ ಕರೆಯಲಿಲ್ಲ. ಜಗಲಿಯ ಮೇಲೆ ಕೂರಿಸಿ, "ಆಸ್ತಿ ವಿಷಯಕ್ಕೆ ಸಹಿ ಗಿಹಿ ಬೇಕಾಗಿತ್ತಾ?" ಎಂದು ಕೇಳಿದರು. ಇಲ್ಲ, ಸುಮ್ಮನೆ ತಿಳಿದುಕೊಳ್ಳಲು ಬಂದೆ ಎಂದೆ. ಅವರು ನಂಬಲಿಲ್ಲ. ನಂಬದಿದ್ದದ್ದು ನ್ಯಾಯವೇ. ಎಂಬತ್ತು ವರ್ಷದಲ್ಲಿ ನಮ್ಮ ಮನೆಯಿಂದ ಅಲ್ಲಿಗೆ ಹೋದ ಮೊದಲನೆಯವಳು ನಾನು. ಮೂರನೆಯ ಸಲ ಹೋದಾಗ ಒಂದು ತಗಡಿನ ಪೆಟ್ಟಿಗೆ ತಂದು ಮುಂದಿಟ್ಟರು.

ಅದರಲ್ಲಿ ಮಡಿಸಿ ಮಡಿಸಿ ಹರಿದ ಒಂದು ಛಾಪಾ ಕಾಗದ ಇತ್ತು. ಮುಚ್ಚಳಿಕೆ. ಬಹುಧಾನ್ಯ ಸಂವತ್ಸರ ಎಂದು ಬರೆದಿತ್ತು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದಾದ್ದರಿಂದ ಮನುಷ್ಯರ ವಯಸ್ಸಿನ ಜೊತೆ ಇಟ್ಟು ನೋಡಿ ಲೆಕ್ಕ ಹಾಕಬೇಕು. ಇದು 1938-39. ನಾಲ್ಕು ಜನ ಪಂಚರು ಸೇರಿ ಮಾಡಿದ ತೀರ್ಮಾನ. ಹೆಂಗಸು ಇನ್ನು ಮುಂದೆ ತವರಿನಲ್ಲೇ ಇರತಕ್ಕದ್ದು. ಗಂಡನ ಮನೆ, ಹೊಲದ ಮೇಲೆ ಯಾವ ತಂಟೆ ತಕರಾರೂ ಮಾಡತಕ್ಕದ್ದಲ್ಲ. ತೆರದ 25 ರೂಪಾಯಿ ಮತ್ತು ಮದುವೆಯ ಖರ್ಚು ವಾಪಸು ಕೊಡುವವರೆಗೂ ಬೇರೆ ಕಡೆ ಕೂಡಿಕೆ ಮಾಡಿಕೊಳ್ಳತಕ್ಕದ್ದಲ್ಲ. ಹಂಡೆಯ ವಿಷಯ ಅದರಲ್ಲಿ ಇಲ್ಲ. ಕೆಳಗೆ ಒಂದು ಹೆಬ್ಬೆಟ್ಟು.

ತೆರ ಕೊಟ್ಟರೆ ಬಿಡುಗಡೆ, ಇಲ್ಲದಿದ್ದರೆ ಇಲ್ಲ. ಅವರಪ್ಪನಿಗೆ ಆ ಹಣ ಹೊಂದಿಸಲಾಗಲಿಲ್ಲ. ಮುನ್ನೂರು ರೂಪಾಯಿ ಬಂದ ಮನೆಯವರು ಇಪ್ಪತ್ತೈದು ರೂಪಾಯಿಯನ್ನು ಬಿಡಲಿಲ್ಲ. ಇಪ್ಪತ್ತೆರಡು ವರ್ಷದ ಹೆಂಗಸು ಹೆಂಡತಿಯೂ ಅಲ್ಲದೆ, ಬಿಟ್ಟವಳೂ ಅಲ್ಲದೆ ನಿಂತಳು.

ಆ ಕಾಗದ ಓದುವಾಗ ನನ್ನ ಕೈ ನಡುಗಿದ್ದು ಅದರ ಮಾತಿಗಲ್ಲ, ಅಕ್ಷರಕ್ಕೆ. ಹಳೇ ಪತ್ರಗಳ ಕೊನೆಯಲ್ಲಿ ಬಿಕ್ಕಲಂ ಎಂದು ಇರುತ್ತದೆ, ಅಂದರೆ ಬರೆದವರು ಯಾರು ಎಂದು. ಇದರಲ್ಲಿ ತಾತನ ಹೆಸರೇ ಇತ್ತು. ಅಲ್ಲಿ ಸೇರಿದ್ದವರಲ್ಲಿ ಬರೆಯಲು ಬರುತ್ತಿದ್ದವರು ಅವರೊಬ್ಬರೇ ಇರಬೇಕು. ನನ್ನ ಕೈ ಹಿಡಿದು ಅ ಆ ಇ ಈ ತಿದ್ದಿಸಿದ ಅದೇ ಗುಂಡಗಿನ, ಸಾಲು ತಪ್ಪದ ಅಕ್ಷರ. ಹೆಂಡತಿಯನ್ನು ಹೊರಗೆ ಹಾಕುವ ಕಾಗದವನ್ನು ತಾನೇ ಬರೆದು, ಓದಲು ಬಾರದ ಅವಳಿಗೆ ತಾನೇ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು.

ನಮ್ಮ ತಾತ ಯಾರ ಮೇಲೂ ಕೈ ಎತ್ತಿದವರಲ್ಲ. ಕುಡಿಯುತ್ತಿರಲಿಲ್ಲ. ಎಷ್ಟೋ ಬಡ ಮಕ್ಕಳಿಗೆ ಸ್ಲೇಟು ಕೊಡಿಸಿ ಓದಿಸಿದ್ದಾರೆ. ದೇವರಂಥ ಮೇಷ್ಟ್ರು ಎಂದು ಇವತ್ತಿಗೂ ಹೇಳುವವರು ಇದ್ದಾರೆ, ಅದೂ ಸುಳ್ಳಲ್ಲ. ಹೊಡೆತ ಬಡಿತ ಇದ್ದರೆ ಮಾತ್ರ ದೌರ್ಜನ್ಯ ಎಂದು ನಾವು ಬಹಳ ಕಾಲ ನಂಬಿದ್ದೆವು. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಬಂದ ಮೇಲೆ, ಹೆಂಡತಿಗೆ ಸಲ್ಲಬೇಕಾದ್ದನ್ನು ಕೊಡದಿರುವುದು, ಅವಳ ಸ್ತ್ರೀಧನ ಇಟ್ಟುಕೊಳ್ಳುವುದು, ಮನೆಯಿಂದ ಹೊರಗಿಡುವುದು ಕೂಡ ದೌರ್ಜನ್ಯವೇ ಎಂದು ಬರಹದಲ್ಲಿ ಬಂತು. ಆರ್ಥಿಕ ದೌರ್ಜನ್ಯ ಎನ್ನುತ್ತಾರೆ. ಆ ಲೆಕ್ಕದಲ್ಲಿ ನಾವು ಮಿಂದ ಬಿಸಿನೀರೂ ಸೇರುತ್ತದೆ.

ದೊಡ್ಡಜ್ಜಿ ತಮ್ಮನ ಮನೆಯಲ್ಲಿ ಐವತ್ತು ವರ್ಷ ಇದ್ದರು. ಪಾಪ, ತವರಿನವರು ಸಾಕಿದರು ಎಂದು ನಾನೆಂದಾಗ ಆ ಸೊಸೆ ನನ್ನ ಮಾತನ್ನು ತಡೆದರು. "ಸಾಕಿದ್ದು ಯಾರು ಯಾರನ್ನ? ಕಳೆ ಕೀಳೋಕೆ, ರಾಗಿ ಬೀಸೋಕೆ, ಎಮ್ಮೆ ಮೇಯಿಸೋಕೆ ಎಲ್ಲಕ್ಕೂ ಅವ್ರೇ. ಮುತ್ತುಗದ ಎಲೆ ಹಚ್ಚಿ ಮಾರಿ ನನ್ನ ಗಂಡನ್ನ ಹೈಸ್ಕೂಲು ಓದಿಸಿದ್ರು. ನನ್ನ ನಾಲ್ಕು ಬಾಣಂತನ ಮಾಡಿದ್ರು. ಉಂಡಿದ್ದಕ್ಕಿಂತ ದುಡಿದದ್ದೇ ಜಾಸ್ತಿ." ಅವರ ಹೆಸರಿನಲ್ಲಿ ಒಂದು ಗುಂಟೆ ಭೂಮಿ ಇರಲಿಲ್ಲ, ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ನಾನು ಹೋಗುವಾಗ ನಮ್ಮಜ್ಜಿಯ ಬಗ್ಗೆ ಒಂದು ಅಂಜಿಕೆ ಇತ್ತು. ಅವರೇ ಅಲ್ಲವೇ ಇವರ ಜಾಗಕ್ಕೆ ಬಂದವರು? ಆ ಸೊಸೆ ಹೇಳಿದ್ದು ಬೇರೆ. ನಮ್ಮಜ್ಜಿಗೆ ಮದುವೆಯ ಮೊದಲು ಏನೂ ಹೇಳಿರಲಿಲ್ಲ. ಬಂದು ಹಂಡೆ ಉಜ್ಜುವಾಗ ತಿಳಿದದ್ದು. ಆಮೇಲೆ ಪ್ರತಿ ವರ್ಷ ಗೌರಿ ಹಬ್ಬಕ್ಕೆ ಬಳೆಗಾರನ ಕೈಲಿ ಒಂದು ಮೊರದ ಬಾಗಿನ ಗುಟ್ಟಾಗಿ ಆ ಊರಿಗೆ ಬರುತ್ತಿತ್ತಂತೆ. ಯಾರು ಕಳಿಸಿದರು ಎಂದು ಬಳೆಗಾರ ಹೇಳುತ್ತಿರಲಿಲ್ಲ, ದೊಡ್ಡಜ್ಜಿ ಕೇಳುತ್ತಿರಲಿಲ್ಲ. ಇಬ್ಬರು ಹೆಂಗಸರು ಒಮ್ಮೆಯೂ ಮುಖ ನೋಡಿದವರಲ್ಲ. 1978ರಲ್ಲಿ ತಾತ ತೀರಿಕೊಂಡಾಗ ಸುದ್ದಿ ಹೋದದ್ದೂ ಅದೇ ಬಳೆಗಾರನಿಂದ. ಮೂರನೆಯ ದಿನ ದೊಡ್ಡಜ್ಜಿ ಬಾವಿ ಹತ್ತಿರ ಒಬ್ಬರೇ ಹೋಗಿ ಕುಂಕುಮ ಒರೆಸಿ, ಬಳೆ ಒಡೆದುಕೊಂಡು, ತಾಳಿ ತೆಗೆದು ಬಂದರಂತೆ. ನಲವತ್ತೊಂಬತ್ತು ವರ್ಷ ಕಟ್ಟಿಕೊಂಡಿದ್ದ ತಾಳಿ. ಮನೆಯವರು ಬೇಡ ಎಂದರೂ ಕೇಳಲಿಲ್ಲ.

ಅದರ ಮರುವರ್ಷವೇ ನಮ್ಮ ಮನೆಯವರು ಆ ವಂಶವೃಕ್ಷ ಬರೆಸಿದ್ದು. ಊರಿನ ಆಚಾರದಂತೆ ವಿಧವೆಯಾದವಳು ಸರ್ಕಾರದ ಕಾಗದದಲ್ಲಿ ಹೆಂಡತಿಯೇ ಆಗಿರಲಿಲ್ಲ. ಅವರು ತೀರಿಕೊಂಡದ್ದು 1986ರಲ್ಲಿ.

ನನಗೆ ಪರಿಚಯದ ವಕೀಲರೊಬ್ಬರಿಗೆ ಎಲ್ಲ ಕಾಗದ ತೋರಿಸಿದೆ. ತೆರ ವಾಪಸಾಗಿ ಬಿಡುಗಡೆಯಾಗಿರಲಿಲ್ಲವಾದ್ದರಿಂದ ಮದುವೆ ಮುರಿದಿರಲಿಲ್ಲ, 1955ಕ್ಕೆ ಮೊದಲಿನ ಮದುವೆಗಳಾದ್ದರಿಂದ ಇಬ್ಬರೂ ಕಾನೂನಿನ ಹೆಂಡತಿಯರೇ ಎಂದರು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ, ಉಯಿಲು ಇಲ್ಲದೆ ಸತ್ತವನಿಗೆ ವಿಧವೆಯರು ಒಬ್ಬರಿಗಿಂತ ಹೆಚ್ಚಿದ್ದರೆ ಅವರೆಲ್ಲ ಸೇರಿ ಒಂದು ಪಾಲು ಎಂದು ಇದೆ. ಅಂದರೆ ನಮ್ಮಜ್ಜಿಗೆ ಬಂದದ್ದರಲ್ಲಿ ಅರ್ಧ ದೊಡ್ಡಜ್ಜಿಯದು. ಒಂದು ಸಾಲು ಬರೆಯದಿದ್ದುದರಿಂದ ಅದು ಹೋಯಿತು. ಅವರ ಕೊನೆಯ ಎಂಟು ವರ್ಷಕ್ಕೆ ಆ ಪಾಲು ಬಂದಿದ್ದರೆ ಎಲೆ ಹಚ್ಚುವುದು ತಪ್ಪುತ್ತಿತ್ತು.

ಇಂಥದ್ದು ನಮ್ಮ ಮನೆಯೊಂದರ ಕತೆಯಲ್ಲ. ಸ್ವತಂತ್ರ ಭಾರತದ ಮೊದಲ ಚುನಾವಣೆಗೆ, 1951-52ರಲ್ಲಿ, ಮತದಾರರ ಪಟ್ಟಿ ಮಾಡುವಾಗ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರು ಸ್ವಂತ ಹೆಸರಿಲ್ಲದೆ, ಇಂಥವನ ಹೆಂಡತಿ, ಇಂಥವನ ಮಗಳು ಎಂದಷ್ಟೇ ಇದ್ದುದರಿಂದ ಪಟ್ಟಿಯಿಂದ ಬಿಟ್ಟುಹೋದರು. ಹೆಚ್ಚಿನವರು ಉತ್ತರದ ರಾಜ್ಯದವರು. ನಮ್ಮ ಕಡೆ ಹೆಸರು ಕೇಳಿದರು ನಿಜ, ಆದರೆ ಬೇಕಾದ ಕಾಗದದಲ್ಲಿ ಬರೆಯಲಿಲ್ಲ. ಹೋದ ವರ್ಷ ಒಂದು ಸಂಘದಲ್ಲಿ, ನಿಮ್ಮ ತಾಯಿಯ ತಾಯಿಯ ತಾಯಿ ಹೆಸರು ಹೇಳಿ ಎಂದೆ. ಇಪ್ಪತ್ತು ಜನರಲ್ಲಿ ನಾಲ್ವರು ಹೇಳಿದರು. ತಂದೆ ಕಡೆ ಐದು ತಲೆ ಗಂಡಸರ ಹೆಸರು ಎಲ್ಲರಿಗೂ ಬರುತ್ತಿತ್ತು.

ಈಗಿನ ಮಾತಿಗೆ ಬರೋಣ. ಮೊದಲ ಹೆಂಡತಿ ಬದುಕಿದ್ದು, ಮದುವೆ ಮುರಿಯದೆ ಇನ್ನೊಂದು ಮಾಡಿಕೊಂಡರೆ ಅಪರಾಧ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಲ್ಲಿ ಏಳು ವರ್ಷದ ತನಕ ಶಿಕ್ಷೆ ಇದೆ, ಮೊದಲ ಮದುವೆಯನ್ನು ಮುಚ್ಚಿಟ್ಟು ಮಾಡಿಕೊಂಡರೆ ಹತ್ತು ವರ್ಷದ ತನಕ. ಆದರೆ ತಪ್ಪಿಸಿಕೊಳ್ಳುವವರು ಬಹಳ. ಎರಡನೆಯ ಮದುವೆ ಶಾಸ್ತ್ರಪ್ರಕಾರ ನಡೆದದ್ದನ್ನು ಸಾಬೀತು ಮಾಡಬೇಕು ಎಂದು ಸುಪ್ರೀಂ ಕೋರ್ಟು 1965ರಲ್ಲೇ ಹೇಳಿದೆ. ದೇವಸ್ಥಾನದ ಮೂಲೆಯಲ್ಲಿ ಹಾರ ಬದಲಾಯಿಸಿಕೊಂಡವನ ಮೇಲೆ ಸಾಕ್ಷಿ ಎಲ್ಲಿಂದ ತರುವುದು? ಆದ್ದರಿಂದ ಸುದ್ದಿ ತಿಳಿದ ಕೂಡಲೇ ಅಳುತ್ತಾ ಕೂರುವ ಮೊದಲು ಯಾರು ಮಾಡಿಸಿದರು, ಎಲ್ಲಿ, ಫೋಟೋ ಯಾರ ಹತ್ತಿರ ಇದೆ ಎಂದು ಸಂಘದ ನಾಲ್ಕು ಜನ ಹೋಗಿ ವಿಚಾರಿಸಿ ಬರೆದಿಡಿ. ಎರಡನೆಯವಳನ್ನು ಬೈಯಲು ಮಾತ್ರ ಹೋಗಬೇಡಿ, ಅವಳಿಗೂ ನಮ್ಮಜ್ಜಿಯಂತೆ ಹೇಳದೆ ತಂದಿರಬಹುದು. ಮೊದಲ ಮದುವೆ ಮುಚ್ಚಿಟ್ಟು ಮೋಸ ಮಾಡಿದವನು ಆ ಎರಡನೆಯವಳಿಗೂ ಜೀವನಾಂಶ ಕೊಡಬೇಕು ಎಂದು ಸುಪ್ರೀಂ ಕೋರ್ಟು 2013ರಲ್ಲಿ ತೀರ್ಪು ಕೊಟ್ಟಿದೆ.

ಮದುವೆ ನೋಂದಣಿ ಮಾಡಿಸದವರು ಎಷ್ಟು ಜನ ಇದ್ದೀರಿ? ಕೈ ಎತ್ತುವುದು ಬೇಡ, ನನಗೆ ಗೊತ್ತು. ಕರ್ನಾಟಕದಲ್ಲಿ ಅದಕ್ಕೆ 1976ರ ಕಾಯಿದೆಯೇ ಇದೆ, ಉಪನೋಂದಣಿ ಕಚೇರಿಯಲ್ಲಿ ಆಗುತ್ತದೆ. ಹಳೆಯ ಮದುವೆಯಾದರೂ ಕೇಳಿ ನೋಡಿ. ಲಗ್ನಪತ್ರಿಕೆ, ಒಂದು ಫೋಟೋ, ಗಂಡನ ಮನೆಯ ಪಡಿತರ ಚೀಟಿಯಲ್ಲಿ ನಿಮ್ಮ ಹೆಸರಿರುವ ನಕಲು, ಇವನ್ನು ತವರಿನಲ್ಲಿ ಒಂದು ಪ್ರತಿ ಇಡಿ. ಹೊರಗೆ ಹಾಕುವವರು ಕಾಗದದ ಪೆಟ್ಟಿಗೆಯನ್ನು ಜೊತೆಗೆ ಕೊಟ್ಟು ಕಳಿಸುವುದಿಲ್ಲ. ಪಾತ್ರೆ, ಒಡವೆಯ ಪಟ್ಟಿಯೂ ಇರಲಿ. ತವರಿನಿಂದ ಬಂದದ್ದು ಹೆಂಡತಿಯದೇ, ಗಂಡನ ಮನೆಯವರು ಬರೀ ಇಟ್ಟುಕೊಂಡವರು ಎಂದು 1985ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ.

ಹೆಬ್ಬೆಟ್ಟಿನ ವಿಷಯ. ಹಕ್ಕು ಬಿಡುಗಡೆ ಪತ್ರ ಎಂದು ಅಣ್ಣತಮ್ಮಂದಿರು ಮಡಿಸಿದ ಕಾಗದ ತಂದು, ಕೊನೇ ಪುಟ ಮಾತ್ರ ಮುಂದಿಟ್ಟು, ಇಲ್ಲೊಂದು ಸಹಿ ಹಾಕು ಅಕ್ಕ ಎನ್ನುತ್ತಾರೆ. ಬರೆದವರೇ ಓದಿ ಹೇಳಿದ್ದನ್ನು ನಂಬಬೇಡಿ, ಬೇರೆಯವರಿಂದ ಓದಿಸಿ.

ನಮ್ಮ ಅತ್ತೆಯ ಪಾಲಿನ ವಿಷಯ ರಾಜಿಯಾಗಿ ಮುಗಿಯಿತು. ಕೇಳಿದಷ್ಟು ಬರಲಿಲ್ಲ, ಏನೂ ಬರದೆಯೂ ಹೋಗಲಿಲ್ಲ. ಅದಕ್ಕಾಗಿ ಹೊಸ ವಂಶವೃಕ್ಷ ಮಾಡಿಸಬೇಕಾಯಿತು. ಹಿಂದೆ ಶಾನುಭೋಗರು ಮಾಡುತ್ತಿದ್ದ, ಆಮೇಲೆ ಗ್ರಾಮ ಲೆಕ್ಕಿಗರು ಮಾಡುತ್ತಿದ್ದ ಕೆಲಸ ಅದು, ಈಗ ಗ್ರಾಮ ಆಡಳಿತ ಅಧಿಕಾರಿ ಎನ್ನುತ್ತಾರೆ. ನಾನು ದೊಡ್ಡಜ್ಜಿಯ ಹೆಸರೂ ಬರೆಯಿರಿ ಎಂದೆ. ಮಕ್ಕಳಿಲ್ಲದೆ ತೀರಿಕೊಂಡವರು, ಅವರಿಂದ ಏನಾಗಬೇಕಾಗಿದೆ ಮೇಡಂ, ಎಂದರು. ಮುಚ್ಚಳಿಕೆಯ ನಕಲು, ಊರಿನ ಇಬ್ಬರು ಹಿರಿಯರ ಹೇಳಿಕೆ, ನನ್ನ ಪ್ರಮಾಣಪತ್ರ ಕೊಟ್ಟು ಕೂತೆ. ಬರೆದರು. ತಾತನ ಹೆಸರಿನ ಕೆಳಗೆ ಈಗ ಎರಡು ಗೆರೆ ಇದೆ. ಚಿಕ್ಕಪ್ಪನ ದೊಡ್ಡ ಮಗ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಮನೆ ಮರ್ಯಾದೆ ಬೀದಿಗೆ ತಂದೆ ಎಂದು ಅವನ ಸಿಟ್ಟು.

ಹಂಡೆಯನ್ನು ಆ ಊರಿಗೆ ತಲುಪಿಸಲು ಆಟೋದಲ್ಲಿ ಹಾಕಿಕೊಂಡು ಹೋದೆ. ಆ ಸೊಸೆ ಅದರ ಮೇಲಿನ ಹೆಸರನ್ನು ಬೆರಳಿನಿಂದ ತಡವಿ ನೋಡಿದರು. ಆಮೇಲೆ, "ನಮ್ಮನೇಲಿ ಈಗ ಸೋಲಾರು. ಇದನ್ನ ಎಲ್ಲಿ ಇಡ್ಲಿ?" ಎಂದರು. ಆದರೂ ಇಳಿಸಿಕೊಂಡರು.

ಮುಂದಿನ ತಿಂಗಳ ಸಭೆಗೆ ಬರುವಾಗ ನಿಮ್ಮ ನಿಮ್ಮ ಮನೆಯ ವಂಶವೃಕ್ಷದ ಒಂದೊಂದು ನಕಲು ತನ್ನಿ. ತವರಿನದು, ಗಂಡನ ಮನೆಯದು, ಎರಡೂ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಸಿಗುತ್ತದೆ, ಕಾರಣ ಕೇಳಿದರೆ ಸಂಘಕ್ಕೆ ಬೇಕು ಎನ್ನಿ. ಓದಲು ಬಾರದವರಿಗೆ ನಾನೇ ಓದಿ ಹೇಳುತ್ತೇನೆ, ಸಂಘದ ಇನ್ನೊಬ್ಬರು ಪಕ್ಕದಲ್ಲಿ ಕೂತು ನಾನು ಸರಿಯಾಗಿ ಓದಿದೆನೋ ಇಲ್ಲವೋ ನೋಡಲಿ.